ಗಾಂಬಾ ಮತ್ತು ಹಾರ್ಪ್ಸಿಕಾರ್ಡ್: ಪದೇ ಪದೇ ಕೇಳುವ ಪ್ರಶ್ನೆಗಳು

ಬರೋಕ್ ಸಂಗೀತದ (ಯುರೋಪಿನಲ್ಲಿ ಸುಮಾರು 1600ರಿಂದ 1750ರವರೆಗಿನದು) ಮಾತು ಬಂದಾಗಲೆಲ್ಲ ಗೆಳೆಯರು, ಓದುಗರು ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರ ಪ್ರಶ್ನೆಗಳು ಮೊದಲು, ತಲೆ ಕೆಡಿಸುವಂಥವು ಕೊನೆಗೆ. ಎಲ್ಲಿಂದ ಬೇಕಾದರೂ ಓದಬಹುದು.

ಮೊದಲ ಸಲ ಕೇಳುವವರಿಗೆ

"ವಿಯೋಲಾ ದ ಗಾಂಬಾ ಅಂದ್ರೆ ಚೆಲ್ಲೋನೇ ಅಲ್ವಾ? ಹಳೇ ಕಾಲದ ಹೆಸರು ಅಷ್ಟೇ ತಾನೇ?"

ಅಲ್ಲ. ನೋಡಲು ಒಂದೇ ಥರ, ಮನೆತನ ಬೇರೆ. ಚೆಲ್ಲೋ ಪಿಟೀಲಿನ ಕಡೆಯದು. ಗಾಂಬಾ 15ನೇ ಶತಮಾನದ ಕೊನೆಗೆ ಸ್ಪೇನಿನಲ್ಲಿ ರೂಪುಗೊಂಡು, ಇಟಲಿಗೆ ಹೋಗಿ, ಅಲ್ಲಿಂದ ಯುರೋಪಿನ ತುಂಬ ಹರಡಿದ ವಾದ್ಯ.

ಚೆಲ್ಲೋಗೆ ನಾಲ್ಕು ತಂತಿ, ಗಾಂಬಾಗೆ ಆರು ಅಥವಾ ಏಳು. ಚೆಲ್ಲೋ ಕುತ್ತಿಗೆ ನುಣುಪು. ಗಾಂಬಾ ಕುತ್ತಿಗೆಗೆ ಕರುಳಿನ ದಾರ ಸುತ್ತಿ ಏಳು ಮೆಟ್ಟಿಲು ಕಟ್ಟಿರುತ್ತಾರೆ. ಬೆನ್ನು ಚಪ್ಪಟೆ, ಮರ ತೆಳು. ನೆಲಕ್ಕೆ ಊರುವ ಕಡ್ಡಿ ಇಲ್ಲ, ಎರಡು ಕಾಲುಗಳ ನಡುವೆ ಹಿಡಿದು ನುಡಿಸುತ್ತಾರೆ. ಆರು ತಂತಿಗಳ ನಡುವಿನ ಅಂತರ ನಮ್ಮ ಲೆಕ್ಕದಲ್ಲಿ ಸ-ಮ, ಸ-ಮ, ಮಧ್ಯದಲ್ಲಿ ಒಂದೇ ಒಂದು ಸ-ಗ, ಮತ್ತೆ ಸ-ಮ, ಸ-ಮ.

ದೊಡ್ಡ ವ್ಯತ್ಯಾಸ ಕಮಾನಿನಲ್ಲಿದೆ. ಗಾಂಬಾದವರು ಅಂಗೈ ಮೇಲ್ಮುಖ ಮಾಡಿ ಕಮಾನು ಹಿಡಿಯುತ್ತಾರೆ. ಬೆರಳಿನಿಂದ ಕಮಾನಿನ ಕೂದಲನ್ನೇ ಒತ್ತಿ ಬಿಗಿ ಹೆಚ್ಚು ಕಡಿಮೆ ಮಾಡುತ್ತಾರೆ. ಪಿಟೀಲಿನಲ್ಲಿ ಕಮಾನು ಎಳೆದಾಗ ಒತ್ತು ಬೀಳುತ್ತದೆ, ಗಾಂಬಾದಲ್ಲಿ ತಳ್ಳಿದಾಗ. ಪಿಟೀಲಿನ ಕೈ ಪಳಗಿದವರಿಗೆ ಇದು ಉಲ್ಟಾ. ನಾದ ಚೆಲ್ಲೋದಷ್ಟು ದಪ್ಪ ಅಲ್ಲ. ಸ್ವಲ್ಪ ಮೂಗಿನ ದನಿ, ಮೇಲ್ಸ್ವರಗಳು ಜಾಸ್ತಿ. ಕಮಾನು ಎತ್ತಿದ ಮೇಲೂ ಒಂದು ಕ್ಷಣ ಮೊಳಗುತ್ತದೆ.

"ನಮ್ಮ ಸಾರಂಗಿ, ದಿಲ್‌ರುಬಾ ಜಾತಿಗೆ ಸೇರಿದ್ದಾ?"

ನೆಂಟಸ್ತಿಕೆ ಇಲ್ಲ, ಹೋಲಿಕೆ ಇದೆ. ಕಮಾನೂ ಇದ್ದು ಮೆಟ್ಟಿಲೂ ಇರುವ ವಾದ್ಯ ಅಪರೂಪ. ದಿಲ್‌ರುಬಾ, ಎಸ್ರಾಜ್ ಅಂಥವು. ಸಾರಂಗಿಗೆ ಮೆಟ್ಟಿಲಿಲ್ಲ, ಆದರೆ ಕಮಾನು ಹಿಡಿಯುವ ಕೈ ಗಾಂಬಾದವರ ಥರವೇ ಅಂಗೈ ಮೇಲೆ ಮಾಡಿಕೊಂಡಿರುತ್ತದೆ. ಇವೆರಡನ್ನೂ ಕೇಳಿ ರೂಢಿ ಇದ್ದವರಿಗೆ ಗಾಂಬಾ ಬೇಗ ಒಗ್ಗುತ್ತದೆ. ಮುಖ್ಯ ವ್ಯತ್ಯಾಸ ಅಂದರೆ ಗಾಂಬಾಗೆ ಅಡಿಯಲ್ಲಿ ತರಪಿನ ತಂತಿಗಳಿಲ್ಲ.

"ಹಾರ್ಪ್ಸಿಕಾರ್ಡ್ ಪಿಯಾನೋದ ತಾತ ಅಂತಾರೆ. ನಿಜವಾ?"

ಕೀಲಿಮಣೆ ನೋಡಿ ಹೇಳುವ ಮಾತು ಅದು. ಒಳಗೆ ಕೆಲಸವೇ ಬೇರೆ. ಪಿಯಾನೋ ತಂತಿಗೆ ಸುತ್ತಿಗೆಯಲ್ಲಿ ಹೊಡೆಯುತ್ತದೆ. ಹಾರ್ಪ್ಸಿಕಾರ್ಡ್ ಮೀಟುತ್ತದೆ. ಕೀ ಒತ್ತಿದಾಗ ಒಂದು ಮರದ ಪಟ್ಟಿ ಮೇಲೇಳುತ್ತದೆ. ಅದರಲ್ಲಿ ಸಿಕ್ಕಿಸಿದ ಚಿಕ್ಕ ಮೊನೆ ತಂತಿಯನ್ನು ಮೀಟಿ ಮೇಲೆ ಹೋಗುತ್ತದೆ. ಆಗ ಆ ಮೊನೆ ಹಕ್ಕಿಯ ಗರಿಯ ದಂಟಿನದು, ಈಗ ಸಾಮಾನ್ಯವಾಗಿ ಪ್ಲಾಸ್ಟಿಕ್ಕಿನದು. ಈ ಲೆಕ್ಕದಲ್ಲಿ ಅದು ಪಿಯಾನೋಗಿಂತ ವೀಣೆಗೆ ಹತ್ತಿರ.

ಮೆಲ್ಲಗೆ ಒತ್ತಿದರೂ ಜೋರಾಗಿ ಒತ್ತಿದರೂ ದನಿ ಹೆಚ್ಚು ಕಡಿಮೆ ಅಷ್ಟೇ. ಮೀಟಿದ ಕೂಡಲೇ ಇಳಿಯಲು ಶುರು. ಗಾಂಬಾ ಹಾಗಲ್ಲ. ಒಂದೇ ಸ್ವರವನ್ನು ಸಣ್ಣದಾಗಿ ಹಿಡಿದು, ಉಬ್ಬಿಸಿ, ಮತ್ತೆ ಸಣ್ಣ ಮಾಡಬಲ್ಲದು. ಒಂದಕ್ಕೆ ಉಸಿರಿದೆ, ಇನ್ನೊಂದಕ್ಕೆ ಚುರುಕಿದೆ. ಒಂದರ ಕೊರತೆಯನ್ನು ಇನ್ನೊಂದು ತುಂಬುವುದರಿಂದಲೇ ಈ ಜೋಡಿ ಕೂಡಿಬಂತು ಅನ್ನುವುದು ನನ್ನ ಅಭಿಪ್ರಾಯ. ಮುಂದಿನ ಅನೇಕ ಉತ್ತರಗಳಲ್ಲಿ ಇದೇ ವಿಷಯ ಬೇರೆ ಬೇರೆ ಕಡೆಯಿಂದ ಬರುತ್ತದೆ.

"ಸುಮ್ನೆ ಒಂದು ಮೂರು ತುಣುಕು ಹೇಳಿ, ಕೇಳ್ತೀನಿ."

ಒಂದು: ಫ್ರಾನ್ಸಿನ ಗಾಂಬಾ ವಾದಕ ಮಾರೆಂ ಮಾರೇ ಬರೆದ 'ಲ ಬಾದಿನಾಜ್'. 1717ರ ನಾಲ್ಕನೇ ಪುಸ್ತಕದ್ದು. ಚಿಕ್ಕದು, ಬೆಳಕು ಕಡಿಮೆ ಮಾಡಿಕೊಂಡು ಕೇಳುವಂಥದ್ದು. ಎರಡು: ಜರ್ಮನಿಯ ಬಾಖ್‌ನ ಜಿ ಮೇಜರ್ ಸೊನಾಟಾ (ಹಲವು ಭಾಗಗಳ ವಾದ್ಯಕೃತಿ), ಬಿಡಬ್ಲ್ಯುವಿ 1027. ಬಿಡಬ್ಲ್ಯುವಿ ಅಂದರೆ ಬಾಖ್ ಕೃತಿಗಳ ಪಟ್ಟಿಯ ಸಂಖ್ಯೆ. ಮೂರು: ಫೋರ್ಕ್ರೇಯ 'ಜುಪಿಟರ್'. ಗುಡುಗು ಸಿಡಿಲು ಎಲ್ಲ ಇದೆ. ಇದೇ ಕ್ರಮದಲ್ಲಿ ಕೇಳಿ. ಮೂರನೆಯದನ್ನು ಮೊದಲು ಕೇಳಿದರೆ ಹೆದರಿ ಓಡಿಹೋಗುವ ಸಾಧ್ಯತೆ ಇದೆ.

ಹೆಡ್‌ಫೋನ್ ಇದ್ದರೆ ಒಳ್ಳೆಯದು. ಫೋನಿನ ಸ್ಪೀಕರಿನಲ್ಲಿ ಗಾಂಬಾದ ಮಂದ್ರ ಪೂರಾ ಕಳೆದುಹೋಗಿ, ಹಾರ್ಪ್ಸಿಕಾರ್ಡಿನ ಟಿಂಟಿಣಿ ಮಾತ್ರ ಉಳಿಯುತ್ತದೆ.

"ಇದನ್ನ ಆಗಿನ ಜನ ಎಲ್ಲಿ ಕೂತು ಕೇಳ್ತಿದ್ರು?"

ಕೋಣೆಗಳಲ್ಲಿ. ಅರಮನೆಯ ಖಾಸಗಿ ಕೋಣೆ, ಶ್ರೀಮಂತರ ಮನೆ. ಬರಬರುತ್ತಾ ಕಾಫಿ ಅಂಗಡಿ ಕೂಡ. ಲೈಪ್ಜಿಗ್‌ನಲ್ಲಿ ಬಾಖ್ ನಡೆಸುತ್ತಿದ್ದ ಸಂಗೀತ ಬಳಗ ಚಿಮ್ಮರ್ಮನ್ ಕಾಫಿ ಅಂಗಡಿಯಲ್ಲೇ ಸೇರುತ್ತಿತ್ತು. ಮನೆಯಲ್ಲಿ ತಮ್ಮಷ್ಟಕ್ಕೆ ನುಡಿಸುವವರೂ ಬಹಳ ಇದ್ದರು. 1660ರ ದಶಕದಲ್ಲಿ ಡಚ್ ಚಿತ್ರಕಾರ ವರ್ಮೀರ್ ಬಿಡಿಸಿದ 'ಸಂಗೀತ ಪಾಠ' ಚಿತ್ರ ನೋಡಿ. ಹೆಣ್ಣುಮಗಳೊಬ್ಬಳು ಹಾರ್ಪ್ಸಿಕಾರ್ಡಿನ ಚಿಕ್ಕ ತಂಗಿಯಾದ ವರ್ಜಿನಲ್ ಮುಂದೆ ನಿಂತಿದ್ದಾಳೆ. ಪಕ್ಕದಲ್ಲಿ ಗಾಂಬಾ ನೆಲದ ಮೇಲೆ ಬಿದ್ದಿದೆ. ಅದನ್ನು ನುಡಿಸುವವರು ಯಾರು ಅಂತ ಚಿತ್ರ ಹೇಳುವುದಿಲ್ಲ.

ಸ್ವಲ್ಪ ರುಚಿ ಹತ್ತಿದವರಿಗೆ

"ಸ್ವರಲಿಪಿ ನೋಡಿದೆ. ಹಾರ್ಪ್ಸಿಕಾರ್ಡಿಗೆ ಕೆಳಗಿನ ಒಂದೇ ಸಾಲು ಇದೆ, ಮೇಲೆ 6, 7, 4 ಅಂತ ಅಂಕಿಗಳು. ಬಲಗೈಗೆ ಬರೆದದ್ದು ಎಲ್ಲಿ?"

ಎಲ್ಲೂ ಇಲ್ಲ. ಅದನ್ನು ನುಡಿಸುವವರೇ ಕಟ್ಟಬೇಕು. ಇದಕ್ಕೆ ಬಾಸ್ಸೊ ಕಂಟಿನ್ಯುವೊ ಅನ್ನುತ್ತಾರೆ. ಎಡಗೈಯ ಮಂದ್ರದ ಸಾಲು ಮಾತ್ರ ಬರೆದಿರುತ್ತದೆ. ಅದರ ಮೇಲೆ ಯಾವ ಸ್ವರಗಳು ಕೂಡಬೇಕು ಅನ್ನುವುದನ್ನು ಅಂಕಿ ಹೇಳುತ್ತದೆ. 6 ಅಂದರೆ ಆ ಮಂದ್ರ ಸ್ವರದಿಂದ ಆರನೆಯದನ್ನು ಸೇರಿಸು ಅಂತ. ಎಷ್ಟು ಸ್ವರ, ಒಟ್ಟಿಗೆ ಒತ್ತಬೇಕೋ ಒಂದೊಂದಾಗಿ ಉದುರಿಸಬೇಕೋ, ಎಲ್ಲಿ ಸುಮ್ಮನಿರಬೇಕು, ಇದೆಲ್ಲ ಕೂತವರ ವಿವೇಕ.

ಹಾಗಾಗಿ ಒಂದೇ ತುಣುಕಿನ ಎರಡು ರೆಕಾರ್ಡಿಂಗ್‌ನಲ್ಲಿ ಹಾರ್ಪ್ಸಿಕಾರ್ಡ್ ಬೇರೆ ಬೇರೆ ಕೇಳಿಸುತ್ತದೆ. ಕಛೇರಿಯಲ್ಲಿ ಪಕ್ಕವಾದ್ಯದವರ ಕೈಗೆ ಬಿಟ್ಟ ಜಾಗ ಇರುತ್ತದಲ್ಲ, ಅದನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯ ಏನೂ ಇಲ್ಲ. ಆದರೆ ಒಂದು ಎಚ್ಚರ. ಇಲ್ಲಿ ಪಕ್ಕವಾದ್ಯ ಹಿಂಬಾಲಿಸುವುದಿಲ್ಲ. ಮಂದ್ರದ ಸಾಲು ಮೊದಲೇ ನಿಗದಿ. ಸ್ವರ ಯಾವ ಕಡೆ ಹೊರಳಬೇಕು ಅನ್ನುವುದನ್ನು ಬಹಳ ಸಲ ಅದೇ ತೀರ್ಮಾನಿಸುತ್ತದೆ. ಚೆಲುವಾದ ರಾಗ ಮೇಲೆ ಹೋಗುತ್ತಿರುವಾಗ ಒಂದು ಸಲ ಕಿವಿಯನ್ನು ಕೆಳಗೆ ಇಟ್ಟು ಕೇಳಿ. ಕೆಲಸ ನಡೆಯುವುದು ಅಲ್ಲಿ.

"ಕವರ್ ಮೇಲೆ ಎರಡೇ ವಾದ್ಯ ಬರೆದಿದೆ. ಕೇಳಿದ್ರೆ ಮೂರು ನಾಲ್ಕು ಕೇಳಿಸುತ್ತೆ!"

ಮಂದ್ರದ ಸಾಲನ್ನು ಹಾರ್ಪ್ಸಿಕಾರ್ಡಿನ ಎಡಗೈ ಜೊತೆ ಎರಡನೇ ಗಾಂಬಾ ಕೂಡ ನುಡಿಸುವುದುಂಟು. ಉದ್ದ ಕುತ್ತಿಗೆಯ ಥಿಯೋರ್ಬೊ ಅನ್ನುವ ಮೀಟುವಾದ್ಯವನ್ನೂ ಸೇರಿಸುತ್ತಾರೆ. ಫ್ರೆಂಚ್ ಸಂಗೀತಕ್ಕೆ ಇದು ಚೆನ್ನಾಗಿ ಹೊಂದುತ್ತದೆ. ಆದರೆ ಈಚಿನ ಕೆಲವು ರೆಕಾರ್ಡಿಂಗ್‌ಗಳಲ್ಲಿ ಗಿಟಾರು, ಡೋಲು ಎಲ್ಲ ಹಾಕಿ ಜಾತ್ರೆ ಮಾಡಿಬಿಡುತ್ತಾರೆ. ನನಗೆ ಹಿಡಿಸುವುದಿಲ್ಲ.

"ಗುರು ಮರದ ಮೇಲೆ ಗುಡಿಸಲು ಕಟ್ಟಿಕೊಂಡು ನುಡಿಸೋದು, ಶಿಷ್ಯ ಕೆಳಗೆ ಕದ್ದು ಕೇಳೋದು... ಸಿನಿಮಾದಲ್ಲಿ ನೋಡಿದೆ. ನಿಜವಾ?"

1991ರ ಫ್ರೆಂಚ್ ಸಿನಿಮಾ ತಾನೇ? ಅದರಲ್ಲಿ ಕೇಳುವ ಗಾಂಬಾ ಜೋರ್ದಿ ಸವಾಲ್ ಅವರದು. ಈ ವಾದ್ಯದ ಹೆಸರನ್ನು ಊರೂರಿಗೆ ಮುಟ್ಟಿಸಿದ್ದು ಆ ಸಿನಿಮಾ.

ಕಥೆ ಸಿನಿಮಾದವರು ಹುಟ್ಟಿಸಿದ್ದಲ್ಲ. ತೀತೊಂ ದ್ಯು ತಿಯೆ ಅನ್ನುವವನು 1732ರಲ್ಲಿ ಬರೆದಿಟ್ಟದ್ದು. ಸ್ಯಾಂತ್ ಕೊಲೊಂಬ್ ಎಂಬ ಗುರು ತೋಟದ ಮಲ್ಬೆರಿ ಮರದಲ್ಲಿ ಹಲಗೆಯ ಗುಡಿಸಲು ಕಟ್ಟಿಸಿಕೊಂಡಿದ್ದ. ಶಿಷ್ಯ ಮಾರೇ ಆರು ತಿಂಗಳಲ್ಲೇ ತನ್ನನ್ನು ಮೀರಿಸುತ್ತಾನೆ ಅನ್ನಿಸಿ ಪಾಠ ನಿಲ್ಲಿಸಿದ. ಮಾರೇ ಆ ಗುಡಿಸಲ ಕೆಳಗೆ ಅವಿತು ಗುಟ್ಟುಗಳನ್ನು ಕದ್ದ. ಎಲ್ಲ ಸರಿ, ಆದರೆ ಅಷ್ಟು ಹೊತ್ತಿಗೆ ಮಾರೇ ಸತ್ತು ನಾಲ್ಕು ವರ್ಷ. ಎಷ್ಟು ನಂಬುವುದು ನಿಮಗೆ ಬಿಟ್ಟದ್ದು.

ಗಟ್ಟಿಯಾಗಿ ಗೊತ್ತಿರುವುದು ಇಷ್ಟು. ಮಾರೇ ಹುಟ್ಟಿದ್ದು 1656ರಲ್ಲಿ. 1679ರಲ್ಲಿ ಹದಿನಾಲ್ಕನೇ ಲೂಯಿಯ ಆಸ್ಥಾನದಲ್ಲಿ ಗಾಂಬಾ ನುಡಿಸುವ ಕೆಲಸ ಸಿಕ್ಕಿತು. 1686ರಿಂದ 1725ರ ನಡುವೆ ಐದು ಪುಸ್ತಕ ಅಚ್ಚು ಹಾಕಿಸಿದ. ಒಟ್ಟು ಸುಮಾರು 600 ತುಣುಕು. ಗುರುವಿನ ಕಡೆಯಿಂದ ಬಂದ ದೊಡ್ಡ ಕೊಡುಗೆ ಏಳನೇ ತಂತಿ. ಅದನ್ನು ಸೇರಿಸಿದವನು, ಬೆಳ್ಳಿ ಸುತ್ತಿದ ಮಂದ್ರ ತಂತಿಗಳನ್ನು ಫ್ರಾನ್ಸಿನಲ್ಲಿ ಬಳಕೆಗೆ ತಂದವನು ಸ್ಯಾಂತ್ ಕೊಲೊಂಬ್ ಎಂದು ಅವನ ಇನ್ನೊಬ್ಬ ಶಿಷ್ಯ ಜಾಂ ರೂಸೋ 1687ರಲ್ಲೇ ಬರೆದಿದ್ದಾನೆ.

"ಆಪರೇಷನ್ ಬಗ್ಗೆ ಒಂದು ಸಂಗೀತ ಇದೆಯಂತೆ? ಜೋಕಾ?"

ಜೋಕ್ ಅಲ್ಲ. ಮಾರೇಯ ಐದನೇ ಪುಸ್ತಕದಲ್ಲಿದೆ. ಮೂತ್ರಕೋಶದ ಕಲ್ಲು ತೆಗೆಯುವ ಶಸ್ತ್ರಚಿಕಿತ್ಸೆಯ ಚಿತ್ರ. ಆಗ ಅರಿವಳಿಕೆ ಇರಲಿಲ್ಲ, ರೋಗಿಯನ್ನು ಕಟ್ಟಿ ಹಾಕುತ್ತಿದ್ದರು. ಸ್ವರಗಳ ಜೊತೆಗೇ ಸಾಲು ಸಾಲಾಗಿ ವಿವರ ಅಚ್ಚಾಗಿದೆ. ಸಲಕರಣೆ ನೋಡುವುದು, ನಡುಗುವುದು, ಧೈರ್ಯ ತಂದುಕೊಂಡು ಹತ್ತುವುದು, ಕೊಯ್ಯುವುದು, ಕಲ್ಲು ಎಳೆಯುವುದು, ದನಿ ಉಡುಗುವುದು, ರಕ್ತ ಹರಿಯುವುದು, ಕಟ್ಟು ಬಿಚ್ಚಿ ಹಾಸಿಗೆಗೆ ಸಾಗಿಸುವುದು. ಕೊಯ್ಯುವ ಜಾಗದಲ್ಲಿ ಗಾಂಬಾ ಏನು ಮಾಡುತ್ತದೆ ಅಂತ ಹೇಳಿದರೆ ಮಜಾ ಹೋಗುತ್ತದೆ, ಕೇಳಿ. ಮುಗಿದ ಮೇಲೆ ಚೇತರಿಸಿಕೊಂಡ ಖುಷಿಯ ಕುಣಿತ ಬರುತ್ತದೆ. ಸಂಗೀತವಾಗಿ ಇದು ಮಾರೇಯ ಅತ್ಯುತ್ತಮ ಅಲ್ಲ. ಆದರೂ ಒಂದು ಸಲ ಕೇಳಿದವರು ಮರೆಯುವುದಿಲ್ಲ.

"ಮಾರೇ ದೇವತೆ, ಫೋರ್ಕ್ರೇ ದೆವ್ವ ಅಂತಾರಲ್ಲ, ಯಾಕೆ?"

ಉಬೇರ್ ಲ ಬ್ಲಾಂ ಅನ್ನುವ ಗಾಂಬಾ ಅಭಿಮಾನಿ 1740ರಲ್ಲಿ ಬರೆದ ಪುಸ್ತಕದಲ್ಲಿ ಬರುವ ಮಾತು. ಒಬ್ಬ ದೇವತೆಯ ಥರ ನುಡಿಸುತ್ತಿದ್ದ, ಇನ್ನೊಬ್ಬ ದೆವ್ವದ ಥರ. ಆಂತ್ವಾನ್ ಫೋರ್ಕ್ರೇ (1672–1745) ಇಟಲಿಯ ಪಿಟೀಲುಗಾರರ ಚಮತ್ಕಾರವನ್ನೆಲ್ಲ ಗಾಂಬಾಕ್ಕೆ ಇಳಿಸಿದ. ಒಂದೇ ಸಲ ಹಲವು ತಂತಿ, ಕುತ್ತಿಗೆಯ ತುದಿವರೆಗೆ ಏರುವ ಬೆರಳು, ಉಸಿರು ಬಿಡಲು ಪುರುಸೊತ್ತಿಲ್ಲ.

ಮನೆಯಲ್ಲೂ ದೆವ್ವವೇ ಅನ್ನಬೇಕು. ಮಗ ಜಾಂ ಬಾತಿಸ್ತ್ ಚೆನ್ನಾಗಿ ನುಡಿಸಲು ಶುರು ಮಾಡಿದ ಮೇಲೆ ಅವನನ್ನು ಸೆರೆಮನೆಗೆ ಹಾಕಿಸಿದ. ಮುಂದೆ 1725ರಲ್ಲಿ ಗಡಿಪಾರೂ ಮಾಡಿಸಿದ. ಅದೇ ಮಗ ಅಪ್ಪ ಸತ್ತ ಮೇಲೆ, 1747ರಲ್ಲಿ, ಅಪ್ಪನ ತುಣುಕುಗಳನ್ನು ಅಚ್ಚು ಹಾಕಿಸಿದ. ಐದು ಸೂಟ್ (ಒಟ್ಟಿಗೆ ನುಡಿಸುವ ತುಣುಕುಗಳ ಗುಂಪು), 32 ತುಣುಕು. ಅವುಗಳಲ್ಲಿ ಮೂರು ತನ್ನವು ಅಂತ ಹೇಳಿಕೊಂಡಿದ್ದಾನೆ. ಉಳಿದವುಗಳಲ್ಲೂ ಮಗನ ಕೈ ಎಷ್ಟಿದೆ ಅನ್ನುವ ಚರ್ಚೆ ಇನ್ನೂ ಇದೆ. ಇಷ್ಟಕ್ಕೆ ನಿಲ್ಲಲಿಲ್ಲ. ಅದೇ ವರ್ಷ ಅಷ್ಟೂ ತುಣುಕುಗಳನ್ನು ಹಾರ್ಪ್ಸಿಕಾರ್ಡ್ ಒಂದಕ್ಕೇ ಹೊಂದಿಸಿ ಇನ್ನೊಂದು ಪುಸ್ತಕ ತಂದ. ಗಾಂಬಾದ ಸಂಗೀತ ಗಾಂಬಾ ಇಲ್ಲದೆ ಬದುಕುವ ಏರ್ಪಾಡು ಅದು. ಆ ಹೊತ್ತಿಗೆ ಗಾಂಬಾ ಕೊಳ್ಳುವವರು ಕಡಿಮೆಯಾಗುತ್ತಿದ್ದರು, ಹಾರ್ಪ್ಸಿಕಾರ್ಡ್ ಮನೆಮನೆಯಲ್ಲಿತ್ತು.

"ಬಾಖ್‌ನ ಮೂರು ಸೊನಾಟಾಗಳನ್ನ ಎಲ್ಲರೂ ಹೊಗಳ್ತಾರೆ. ಮಾರೇಗಿಂತ ಅದರಲ್ಲಿ ಬೇರೆ ಏನಿದೆ?"

ಹಾರ್ಪ್ಸಿಕಾರ್ಡಿನ ಬಲಗೈ ಇದೆ. ಮಾರೇಯಲ್ಲಿ ಹಾರ್ಪ್ಸಿಕಾರ್ಡ್ ಗಾಂಬಾದ ಹಿಂದೆ ಕೂತಿರುತ್ತದೆ. ಬಾಖ್ ಬಲಗೈಯ ಸಾಲನ್ನೂ ಪೂರ್ತಿ ಬರೆದ. ಈಗ ಮೂರು ದನಿ ಆಯಿತು: ಗಾಂಬಾ ಒಂದು, ಬಲಗೈ ಒಂದು, ಎಡಗೈ ಮಂದ್ರ ಒಂದು. ಗಾಂಬಾ ಹೇಳಿದ್ದನ್ನು ಬಲಗೈ ಎತ್ತಿಕೊಳ್ಳುತ್ತದೆ, ಬಲಗೈ ಶುರು ಮಾಡಿದ್ದನ್ನು ಗಾಂಬಾ ಮುಗಿಸುತ್ತದೆ. ನುಡಿಸುವವರು ಇಬ್ಬರೇ.

ಮೊದಲನೆಯದು, ಬಿಡಬ್ಲ್ಯುವಿ 1027, ಹಳೆಯ ತುಣುಕಿನ ಹೊಸ ರೂಪ. ಇದೇ ಸಂಗೀತ ಎರಡು ಕೊಳಲು ಮತ್ತು ಕಂಟಿನ್ಯುವೊಗೆ ಬರೆದ ಬಿಡಬ್ಲ್ಯುವಿ 1039ರಲ್ಲೂ ಇದೆ. ಒಂದು ಕೊಳಲಿನ ಸಾಲು ಹಾರ್ಪ್ಸಿಕಾರ್ಡಿನ ಬಲಗೈಗೆ ಬಂತು. ಇನ್ನೊಂದು ಒಂದು ಸ್ಥಾಯಿ ಕೆಳಗಿಳಿದು ಗಾಂಬಾಗೆ ಹೋಯಿತು. ಎರಡನ್ನೂ ಪಕ್ಕಪಕ್ಕ ಕೇಳಿದರೆ ಬಾಖ್ ಏನು ಮಾಡಿದ ಅಂತ ಪುಸ್ತಕ ಓದದೆ ಗೊತ್ತಾಗುತ್ತದೆ. ಕೊಳಲುಗಳಲ್ಲಿ ಎರಡೂ ಒಂದೇ ಬಣ್ಣದ ದನಿ, ಯಾವುದು ಯಾರದ್ದು ಗೊತ್ತಾಗುವುದಿಲ್ಲ. ಇಲ್ಲಿ ಒಂದು ಎಳೆಯುತ್ತದೆ, ಇನ್ನೊಂದು ಮೀಟುತ್ತದೆ. ಒಂದೇ ಮಾತನ್ನು ಇಬ್ಬರು ಬೇರೆ ಬೇರೆ ಸ್ವಭಾವದವರು ಹೇಳಿದ ಹಾಗೆ.

ಎರಡನೆಯದು, 1028, ಡಿ ಮೇಜರ್. ಅದರ ಮೂರನೇ ಭಾಗ ಬಿ ಮೈನರ್‌ನಲ್ಲಿ ತೂಗಿಕೊಂಡು ಹೋಗುತ್ತದೆ. ನನಗೆ ಈ ಮೂರೂ ಸೊನಾಟಾಗಳಲ್ಲಿ ತುಂಬಾ ಇಷ್ಟವಾದ ಜಾಗ ಅದೇ. ಮೂರನೆಯದು, 1029, ಜಿ ಮೈನರ್. ಮೊದಲ ಎರಡಕ್ಕೆ ನಾಲ್ಕು ಭಾಗ, ಇದಕ್ಕೆ ಮೂರೇ. ವೇಗ, ವಿಳಂಬ, ವೇಗ. ಶುರುವಾದ ರೀತಿ ನೋಡಿದರೆ ಎರಡು ವಾದ್ಯದಲ್ಲಿ ಒಂದು ವಾದ್ಯವೃಂದವನ್ನೇ ತುಂಬಿಸಲು ಹೊರಟಂತಿದೆ.

ಒಂದು ಕಷ್ಟ ಇದೆ. ಗಾಂಬಾ ಮತ್ತು ಬಲಗೈ ಸಮಾನರಾಗಿರಬೇಕು, ಆದರೆ ರೆಕಾರ್ಡಿಂಗ್ ಮಾಡುವವರು ಗಾಂಬಾದ ಮುಂದೆ ಮೈಕ್ ಇಟ್ಟುಬಿಡುತ್ತಾರೆ. ಹಾರ್ಪ್ಸಿಕಾರ್ಡ್ ಎಲ್ಲೋ ಪಕ್ಕದ ಕೋಣೆಯಲ್ಲಿದ್ದ ಹಾಗೆ ಕೇಳಿಸಿದರೆ ಬೇರೆ ರೆಕಾರ್ಡಿಂಗ್ ಹುಡುಕಿ.

"ಬಾಖ್, ಮಾರೇ ಬಿಟ್ಟರೆ?"

ಬುಕ್ಸ್ಟೆಹೂಡ 1690ರ ದಶಕದಲ್ಲಿ ಅಚ್ಚು ಹಾಕಿಸಿದ 14 ಸೊನಾಟಾ ಇವೆ, ಪಿಟೀಲು, ಗಾಂಬಾ, ಹಾರ್ಪ್ಸಿಕಾರ್ಡಿಗೆ. ಕುಪ್ರಾಂ 1728ರಲ್ಲಿ ಗಾಂಬಾಗೆ ಎರಡೇ ಸೂಟ್ ಕೊಟ್ಟ. ಎರಡನೆಯದರಲ್ಲಿ ಶವಯಾತ್ರೆಯ ಒಂದು ಭಾಗವಿದೆ. ಮಾರೇ ತೀರಿಕೊಂಡಿದ್ದೂ ಅದೇ ವರ್ಷ, ಅದಕ್ಕೇ ಇದು ಅವನ ನೆನಪಿಗೆ ಅಂತ ಅನೇಕರು ಊಹಿಸುತ್ತಾರೆ. ರಾಮೊ 1741ರಲ್ಲಿ ಲೆಕ್ಕವನ್ನೇ ತಿರುಗಿಸಿದ. ಅವನ ಐದು 'ಕೋನ್ಸೇರ್‌'ಗಳಲ್ಲಿ ಹಾರ್ಪ್ಸಿಕಾರ್ಡೇ ಯಜಮಾನ. ಪಿಟೀಲು, ಗಾಂಬಾ ಅದರ ಸುತ್ತ. ಐದನೆಯದರಲ್ಲಿ ಫೋರ್ಕ್ರೇ, ಮಾರೇ ಇಬ್ಬರ ಹೆಸರಿನಲ್ಲೂ ಒಂದೊಂದು ತುಣುಕಿದೆ. ಬಾಖ್‌ನ ಮಗ ಕಾರ್ಲ್ ಫಿಲಿಪ್ ಎಮಾನುಯೆಲ್ ಕೂಡ ಮೂರು ಸೊನಾಟಾ ಬರೆದಿದ್ದಾನೆ.

ಒಳಗೆ ಇಳಿದವರಿಗೆ

"ಒಂದೇ ತುಣುಕು ಒಂದು ರೆಕಾರ್ಡಿಂಗ್‌ನಲ್ಲಿ ಶ್ರುತಿ ಕೆಳಗೆ, ಇನ್ನೊಂದರಲ್ಲಿ ಮೇಲೆ. ಯಾವುದು ಸರಿ?"

ಆಗ ಊರಿಗೊಂದು ಶ್ರುತಿ. ಈಗಿನ ಆರ್ಕೆಸ್ಟ್ರಾಗಳ 'ಎ' ಸ್ವರ 440 ಹರ್ಟ್ಸ್. ಬರೋಕ್ ನುಡಿಸುವವರು ಸಾಮಾನ್ಯವಾಗಿ 415 ಇಡುತ್ತಾರೆ, ಅಂದರೆ ಅರ್ಧ ಸ್ವರ ಕೆಳಗೆ. ಫ್ರೆಂಚ್ ಸಂಗೀತಕ್ಕೆ 392, ಒಂದು ಪೂರ್ತಿ ಸ್ವರ ಕೆಳಗೆ. 415 ಅನ್ನುವುದು 20ನೇ ಶತಮಾನದವರು ಅನುಕೂಲಕ್ಕೆ ಮಾಡಿಕೊಂಡ ಒಪ್ಪಂದ. ಕೀಲಿಮಣೆಯನ್ನು ಒಂದು ಮನೆ ಪಕ್ಕಕ್ಕೆ ಸರಿಸಿದರೆ 440 ಸಿಗುತ್ತದೆ, ಅಷ್ಟೇ. ಮಾರೇಯನ್ನು 392ರಲ್ಲಿ ಕೇಳಿ. ಕುರಿಯ ಕರುಳಿನ ತಂತಿ ಸಡಿಲವಾದಷ್ಟೂ ಮಂದ್ರಕ್ಕೆ ಗಾಢತನ ಬರುತ್ತದೆ.

"ಗಮಕದ ಥರ ಏನಾದರೂ ಇದೆಯಾ, ಅಥವಾ ಬರೆದ ಸ್ವರ ಬರೆದ ಹಾಗೇನಾ?"

ಇದೆ, ಅದಕ್ಕೆ ಗುರುತುಗಳೂ ಇವೆ. ಮಾರೇ ತನ್ನ ಪುಸ್ತಕಗಳ ಮುನ್ನುಡಿಯಲ್ಲಿ ಪಟ್ಟಿಯನ್ನೇ ಕೊಟ್ಟಿದ್ದಾನೆ. ಎರಡು ಬೆರಳು ಅಂಟಿಸಿ, ಒಂದನ್ನು ತಂತಿಯ ಮೇಲೆ ಲಘುವಾಗಿ ಬಡಿದು ತರುವ ಕಂಪನಕ್ಕೆ ಒಂದು ಗುರುತು. ಒಂದೇ ಬೆರಳನ್ನು ಅಲುಗಾಡಿಸಿ ತರುವ ಅಳುವಿನಂಥ ಕಂಪನಕ್ಕೆ ಇನ್ನೊಂದು. ಒಂದೇ ಬೆರಳಿನಲ್ಲಿ ಜಾರುವುದಕ್ಕೆ ಮತ್ತೊಂದು. ನಮ್ಮ ಜಾರು ಬಲ್ಲವರಿಗೆ ಇದು ಪರಿಚಿತ. ಆದರೆ ಪಾತ್ರ ಬೇರೆ. ನಮ್ಮಲ್ಲಿ ಗಮಕ ಇಲ್ಲದೆ ರಾಗವೇ ಇಲ್ಲ. ಇವರಲ್ಲಿ ಸ್ವರ ನೆಟ್ಟಗೆ ನಿಲ್ಲುವುದೇ ಸಾಮಾನ್ಯ, ಕಂಪನ ಆರಿಸಿದ ಜಾಗಕ್ಕೆ ಮಾತ್ರ. ಹಾರ್ಪ್ಸಿಕಾರ್ಡಿಗೆ ಇದ್ಯಾವುದೂ ಸಾಧ್ಯವಿಲ್ಲದ್ದರಿಂದ ಅದು ಪಕ್ಕದ ಸ್ವರವನ್ನು ಬೇಗ ಬೇಗ ಮುಟ್ಟಿ, ಸ್ವರಗಳನ್ನು ಒಂದೊಂದಾಗಿ ಹರವಿ, ಕೆಲವು ಸಲ ಬೇಕಂತಲೇ ಒಂದು ಚೂರು ತಡವಾಗಿ ಬಂದು ಅದೇ ಪರಿಣಾಮ ತರಲು ನೋಡುತ್ತದೆ.

"ಗಾಂಬಾಗೆ ಮೆಟ್ಟಿಲು, ಹಾರ್ಪ್ಸಿಕಾರ್ಡಿಗೆ ಸ್ಥಿರ ಸ್ವರ. ಶ್ರುತಿ ಜಗಳ ಆಗಲ್ವಾ?"

ಆಗುತ್ತದೆ. ತಂಬೂರಿಯಲ್ಲಿ ತಾನಾಗಿ ಕೇಳಿಬರುವ ಗಾಂಧಾರ ಇದೆಯಲ್ಲ, ಅದಕ್ಕಿಂತ ಈಗಿನ ಪಿಯಾನೋದ ಗಾಂಧಾರ ಸುಮಾರು 14 ಸೆಂಟ್ ಮೇಲಿದೆ. ಒಂದು ಸೆಂಟ್ ಅಂದರೆ ಅರ್ಧ ಸ್ವರದ ನೂರನೇ ಒಂದು ಭಾಗ. ಆಗಿನವರಿಗೆ ಶುದ್ಧ ಗಾಂಧಾರದ ಮೋಹ ಜಾಸ್ತಿ. ಅದಕ್ಕಾಗಿ ಪಂಚಮಗಳನ್ನು ಚೂರು ತಗ್ಗಿಸುತ್ತಿದ್ದರು. ಹೀಗೆ ಮಾಡಿದರೆ ಕೆಲವು ಶ್ರುತಿಗಳು ಬಲು ಸಿಹಿ, ಕೆಲವು ಕೇಳಲಾಗದಷ್ಟು ಹುಳಿ. ಜಿ ಶಾರ್ಪ್ ಮತ್ತು ಎ ಫ್ಲಾಟ್ ಎರಡು ಬೇರೆ ಸ್ವರಗಳಾಗುತ್ತವೆ. ಹಾರ್ಪ್ಸಿಕಾರ್ಡಿನಲ್ಲಿ ಇರುವುದು ಒಂದೇ ಕೀ, ಯಾವುದಾದರೂ ಒಂದನ್ನು ಆರಿಸಬೇಕು.

ಮೊದಲು ಹಾರ್ಪ್ಸಿಕಾರ್ಡ್ ಶ್ರುತಿ ಆಗುತ್ತದೆ. ಆಮೇಲೆ ಗಾಂಬಾದವರು ಮೆಟ್ಟಿಲನ್ನು ಬೆರಳಿನಿಂದ ಅತ್ತಿತ್ತ ಸರಿಸುತ್ತಾರೆ. ವೀಣೆಯ ಮೆಟ್ಟಿಲು ಮೇಣದಲ್ಲಿ ಕೂತಿರುತ್ತದೆ, ಇದು ಬರೀ ಕಟ್ಟು, ಸರಿಯುತ್ತದೆ. ಆದರೆ ಒಂದು ಮೆಟ್ಟಿಲು ಎಲ್ಲ ತಂತಿಗಳಿಗೂ ಒಂದೇ. ಒಂದು ತಂತಿಗೆ ಸರಿ ಹೋದದ್ದು ಇನ್ನೊಂದಕ್ಕೆ ಕೆಡುತ್ತದೆ. ಕೆಲವರು ಮೊದಲ ಮೆಟ್ಟಿಲನ್ನು ಎರಡು ಎಳೆ ಮಾಡಿ ಕಟ್ಟುತ್ತಾರೆ. ಉಳಿದದ್ದನ್ನು ಬೆರಳಿನ ಒತ್ತಡದಲ್ಲೇ ಸರಿ ಮಾಡಿಕೊಳ್ಳುತ್ತಾರೆ.

"ಅಷ್ಟು ಚೆನ್ನಾಗಿದ್ದ ವಾದ್ಯ ಯಾಕೆ ಸತ್ತುಹೋಯಿತು?"

ಕೋಣೆ ದೊಡ್ಡದಾಯಿತು. ಟಿಕೆಟ್ ಕೊಂಡು ಬರುವ ಜನರಿಗೆ ಸಭಾಂಗಣ ಬೇಕು, ಸಭಾಂಗಣಕ್ಕೆ ಜೋರು ದನಿ ಬೇಕು. ಪಿಟೀಲು, ಚೆಲ್ಲೋಗೆ ಅದಿತ್ತು. ಗಾಂಬಾಗೆ ಇರಲಿಲ್ಲ. ಮೇಲೆ ಹೇಳಿದ ಲ ಬ್ಲಾಂ ಪುಸ್ತಕ ಬರೆದದ್ದೇ ಇದರ ವಿರುದ್ಧ. ಪಿಟೀಲನ್ನು ಅವನು ಲೋಕವನ್ನೆಲ್ಲ ಆಳಲು ಹೊರಟ ಸುಲ್ತಾನ ಅಂತ ಕರೆಯುತ್ತಾನೆ. ಓದಿದರೆ ನಗು ಬರುತ್ತದೆ, ಆದರೆ ಅವನ ಭಯ ಸುಳ್ಳಾಗಲಿಲ್ಲ. ಲಂಡನ್ನಿನಲ್ಲಿ ಕೊನೆಯ ದೊಡ್ಡ ವಾದಕ ಕಾರ್ಲ್ ಫ್ರೀಡ್ರಿಖ್ ಆಬೆಲ್ 1787ರಲ್ಲಿ ತೀರಿಕೊಂಡ. ಹಾರ್ಪ್ಸಿಕಾರ್ಡಿಗೂ ಉಳಿಗಾಲ ಇರಲಿಲ್ಲ. ಜೋರು, ಮೆಲು ಎರಡೂ ಬಲ್ಲ ಪಿಯಾನೋ ಅದರ ಜಾಗ ಹಿಡಿಯಿತು.

"ಇವು ಆಗ ನಮ್ಮ ದೇಶಕ್ಕೆ ಬಂದಿದ್ವಾ?"

ಹಾರ್ಪ್ಸಿಕಾರ್ಡ್ ಬಂದಿತ್ತು. ಕಂಪನಿಯವರು ಹಡಗಿನಲ್ಲಿ ತರಿಸಿಕೊಳ್ಳುತ್ತಿದ್ದರು. 1780ರ ದಶಕದಲ್ಲಿ ಕಾಶಿಯಲ್ಲಿದ್ದ ಮಾರ್ಗರೆಟ್ ಫೌಕ್ ಅನ್ನುವ ಇಂಗ್ಲಿಷ್ ಹೆಣ್ಣುಮಗಳು ಅಲ್ಲಿನ ಗಾಯಕರು ಹಾಡಿದ್ದನ್ನು ಹಾರ್ಪ್ಸಿಕಾರ್ಡಿಗೆ ಹೊಂದಿಸಿ ಬರೆದುಕೊಳ್ಳುತ್ತಿದ್ದಳು. 1789ರಲ್ಲಿ ವಿಲಿಯಂ ಹ್ಯಾಮಿಲ್ಟನ್ ಬರ್ಡ್ ಕಲ್ಕತ್ತೆಯಲ್ಲಿ ಅಂಥ ಹಿಂದುಸ್ತಾನಿ ಹಾಡುಗಳ ಸಂಗ್ರಹವನ್ನೇ ಅಚ್ಚು ಹಾಕಿಸಿದ. ಗಮಕವೆಲ್ಲ ಉದುರಿಹೋಗಿ, ತಾಳ ನೆಟ್ಟಗಾಗಿ, ಅವು ಪೂರಾ ಬೇರೆಯೇ ಆಗಿಬಿಟ್ಟಿವೆ. ಕುತೂಹಲಕ್ಕೆ ಕೇಳಬಹುದು.

"ಮತ್ತೆ ಬದುಕಿಸಿದವರು ಯಾರು?"

ಇಂಗ್ಲೆಂಡಿನಲ್ಲಿ ಅರ್ನಾಲ್ಡ್ ಡಾಲ್ಮೆಚ್ ಹಳೇ ವಾದ್ಯಗಳನ್ನು ರಿಪೇರಿ ಮಾಡಿ, ಹೊಸದಾಗಿ ಕಟ್ಟಿ, ಮನೆಮಂದಿಯನ್ನೆಲ್ಲ ಕೂರಿಸಿ ನುಡಿಸಿದ. 1925ರಲ್ಲಿ ಹೇಸಲ್‌ಮಿಯರ್‌ನಲ್ಲಿ ಉತ್ಸವ ಶುರು ಮಾಡಿದ. 1933ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಹಳೇ ಸಂಗೀತಕ್ಕೇ ಒಂದು ಶಾಲೆ ತೆರೆಯಿತು. ಅಲ್ಲಿನ ಔಗುಸ್ಟ್ ವೆನ್ಜಿಂಗರ್ ಬಳಿ ಕಲಿತವರು ಮೇಲೆ ಹೇಳಿದ ಜೋರ್ದಿ ಸವಾಲ್. ಹಾರ್ಪ್ಸಿಕಾರ್ಡಿನ ದಾರಿ ಸ್ವಲ್ಪ ಸುತ್ತು. ವಾಂಡಾ ಲಾಂಡೊವ್‌ಸ್ಕಾ ಅದನ್ನು ಮತ್ತೆ ವೇದಿಕೆಗೆ ತಂದರು. ಆದರೆ ಅವರು ನುಡಿಸಿದ್ದು ಪಿಯಾನೋ ಥರ ಕಬ್ಬಿಣದ ಚೌಕಟ್ಟಿನ ಭಾರಿ ವಾದ್ಯ. ಹಳೇ ಮಾದರಿಯ ಹಗುರ ವಾದ್ಯಗಳು ಎರಡನೇ ಮಹಾಯುದ್ಧದ ಬಳಿಕ ಹೆಚ್ಚಾದವು. ಈಗಲೂ ಹೊಸದು ಸಿಗುತ್ತಿರುತ್ತದೆ. ಕಳೆದೇಹೋಯಿತು ಅಂದುಕೊಂಡಿದ್ದ ಟೆಲೆಮನ್‌ನ 12 ಒಂಟಿ ಗಾಂಬಾ ತುಣುಕುಗಳ 1735ರ ಮುದ್ರಣ 2015ರಲ್ಲಿ ಜರ್ಮನಿಯಲ್ಲಿ ಸಿಕ್ಕಿತು.

"ಚೆಲ್ಲೋ, ಪಿಯಾನೋದಲ್ಲಿ ನುಡಿಸಿದರೆ ತಪ್ಪಾ?"

ಮಾರೇಯನ್ನೇ ಕೇಳಿದರೆ ಇಲ್ಲ ಅಂತಿದ್ದ. ತನ್ನ ತುಣುಕುಗಳನ್ನು ಕೊಳಲು, ಪಿಟೀಲು, ಥಿಯೋರ್ಬೊ ಮುಂತಾದವುಗಳಲ್ಲೂ ನುಡಿಸಬಹುದು ಎಂದು 1711ರ ಪುಸ್ತಕದ ಮುನ್ನುಡಿಯಲ್ಲಿ ಬರೆದಿದ್ದಾನೆ. ಬಾಖ್ ಸೊನಾಟಾಗಳನ್ನು ಚೆಲ್ಲೋದವರು, ವಿಯೋಲಾದವರು ಬಹಳ ಕಾಲದಿಂದ ನುಡಿಸುತ್ತಾ ಬಂದಿದ್ದಾರೆ. ಪಿಯಾನೋದಲ್ಲಿ ಬಲಗೈಯ ಮಾತು ಸ್ಪಷ್ಟವಾಗಿ ಕೇಳುತ್ತದೆ, ಅದು ಲಾಭ. ಫೋರ್ಕ್ರೇ ಮಾತ್ರ ಚೆಲ್ಲೋಗೆ ಒಗ್ಗುವುದಿಲ್ಲ. ಆ ಕೂಡುಸ್ವರಗಳು ಆರೇಳು ತಂತಿ ನಂಬಿ ಬರೆದವು.

"ನನಗೆ ವೀಣೆ ಬರುತ್ತೆ. ಗಾಂಬಾ ಕಲಿಯಬಹುದಾ?"

ಎಡಗೈಗೆ ಸುಲಭ, ಬಲಗೈಗೆ ಹೊಸದು. ಒಂದೇ ತೊಂದರೆ: ವೀಣೆಯವರ ಬೆರಳು ತಂತಿಯನ್ನು ಪಕ್ಕಕ್ಕೆ ಎಳೆಯಲು ಹಾತೊರೆಯುತ್ತದೆ. ಗಾಂಬಾದಲ್ಲಿ ಬೆರಳನ್ನು ಮೆಟ್ಟಿಲಿಗೆ ತಾಗುವಷ್ಟು ಹತ್ತಿರ ನೆಟ್ಟಗೆ ಇಟ್ಟು ಬಿಡಬೇಕು. ಯುರೋಪ್, ಅಮೆರಿಕದಲ್ಲಿರುವ ಕನ್ನಡಿಗರಿಗೆ ದಾರಿ ಸಲೀಸು. ಬ್ರಿಟನ್ನಿನ ಗಾಂಬಾ ಸಂಘ 1948ರಿಂದ, ಅಮೆರಿಕದ್ದು 1962ರಿಂದ ಇದೆ. ಮೊದಲು ಅಲ್ಲಿ ವಿಚಾರಿಸಿ. ಇಲ್ಲಿಗೆ ತರುವುದಾದರೆ ಕರುಳಿನ ತಂತಿ, ಮೆಟ್ಟಿಲಿನ ದಾರ ಎರಡನ್ನೂ ಹೆಚ್ಚಾಗಿಯೇ ತನ್ನಿ. ಕರಾವಳಿಯ ಮಳೆಗಾಲದಲ್ಲಿ ಅವು ತೇವ ಹೀರಿ ಶ್ರುತಿ ನಿಲ್ಲುವುದಿಲ್ಲ. ವಾದ್ಯವನ್ನು ಪೆಟ್ಟಿಗೆಯಲ್ಲೇ ಇಡಿ, ಫ್ಯಾನಿನ ನೇರ ಗಾಳಿಗೆ ಬೇಡ.